ಅಪ್ಪನನ್ನು ಕೂರಿಸಿದ ಕುರ್ಚಿ

ಶನಿವಾರ ಬಂತೆಂದರೆ ನನ್ನ ತಮ್ಮ ರೇ ಕಂಗಸ್‌ನ ಮನೆಯಲ್ಲಿ ಸೌನಾ ಕಾಯಿಸುತ್ತಾರೆ. ಹಿತ್ತಿಲ ಮರದ ಕೋಣೆಯಲ್ಲಿ ಮಧ್ಯಾಹ್ನವೇ ಒಲೆ ಹೊತ್ತಿಸಿ, ಕಲ್ಲು ಚೆನ್ನಾಗಿ ಕಾದ ಮೇಲೆ ಮೊದಲು ಹೆಂಗಸರು, ಆಮೇಲೆ ಗಂಡಸರು ಹೋಗಿ ಬೆವರು ಸುರಿಸಿ ಬರುವುದು; ಬಂದು ಅಡುಗೆಮನೆಯ ಮೇಜಿನ ಸುತ್ತ ಕೆಂಪಗಾದ ಮುಖ ಹೊತ್ತು ಕಾಫಿ ಕುಡಿಯುವುದು. ರೇಯ ಹೆಂಡತಿ ಬೆವ್ ಏಲಕ್ಕಿ ಹಾಕಿ ಬೇಯಿಸಿದ ಸಿಹಿ ಬ್ರೆಡ್ಡನ್ನು ದಪ್ಪ ದಪ್ಪ ಕತ್ತರಿಸಿ ಮುಂದಿಡುತ್ತಾಳೆ. ಮಾತು ಕಡಿಮೆ. ನಮ್ಮ ಮುತ್ತಜ್ಜ ಫಿನ್ಲೆಂಡಿನಿಂದ ಇಲ್ಲಿನ ತಾಮ್ರದ ಗಣಿಗೆ ಬಂದವನು. ಗಣಿ ಮುಚ್ಚಿಹೋಗಿ ಎಷ್ಟೋ ಕಾಲವಾಯಿತು, ಮಾತಿನ ಜಿಪುಣತನ ಮಾತ್ರ ನಮ್ಮನ್ನು ಬಿಟ್ಟಿಲ್ಲ. ಅದರಲ್ಲೂ ‘ಬೇಡ’ ಅನ್ನುವ ಮಾತು ನಮ್ಮ ಬಾಯಲ್ಲಿ ಬರುವುದೇ ಇಲ್ಲ. ಕೇಳಿದ್ದಕ್ಕೆ ಸುಮ್ಮನಾದರೆ ಬೇಡ ಎಂದೇ ಅರ್ಥ. ಮಿಷಿಗನ್‌ನ ಈ ಉತ್ತರದ ತುದಿಯಲ್ಲಿ ಹುಟ್ಟಿದ ಮಗುವಿಗೂ ಇದು ಗೊತ್ತು.

ರೇಗೆ ಓದಲು ಬರುತ್ತಿರಲಿಲ್ಲ. ನಾನು ಎಲ್ಮಾ, ಅವನ ಅಕ್ಕ. ಈ ವಿಷಯ ನನಗೆ ಗೊತ್ತು, ಬೆವ್‌ಗೆ ಗೊತ್ತು, ಮೂರನೆಯವರಿಗೆ ಗೊತ್ತಿರಲಿಲ್ಲ. ಹುಡುಗನಾಗಿದ್ದಾಗ ಅಕ್ಷರಗಳು ಅವನ ಕಣ್ಣಿಗೆ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಅದು ದಡ್ಡತನವಲ್ಲ ಎಂದು ಆಗ ಯಾರಿಗೆ ತಿಳಿದಿತ್ತು? ಮೇಷ್ಟ್ರು ಹಿಂದಿನ ಬೆಂಚಿಗೆ ದಬ್ಬಿದರು, ಅವನು ಅಲ್ಲಿಂದ ಹೊರಗೆ ನಡೆದ. ಈಗ ರಸ್ತೆಯ ಹಿಮ ತಳ್ಳುವ ಸರ್ಕಾರಿ ಲಾರಿ ಓಡಿಸುತ್ತಾನೆ. ಚರ್ಚಿನಲ್ಲಿ ಹಾಡಿನ ಪುಸ್ತಕ ಬಿಚ್ಚಿ ಹಿಡಿದು ಬಾಯಿಪಾಠದಲ್ಲಿ ಹಾಡುತ್ತಾನೆ. ಪುಟ ತಿರುಗಿಸುವ ಹೊತ್ತಿಗೆ ಬೆವ್ ಮೊಣಕಾಲಿನಿಂದ ತಿವಿಯುತ್ತಾಳೆ. ಹೋಟೆಲಿನಲ್ಲಿ ಎಲ್ಲರೂ ಹೇಳಿದ ಮೇಲೆ “ನಂಗೂ ಅದೇ” ಅನ್ನುತ್ತಾನೆ. ಮನೆಗೆ ಕಾಗದ ಬಂದರೆ ಬೆವ್ ಅದನ್ನು ಜಗಳ ಆಡುವವಳ ಹಾಗೆ ಗಟ್ಟಿಯಾಗಿ ಓದುತ್ತಾಳೆ. “ನೋಡ್ರೀ ಈ ಕರೆಂಟಿನವರ ಸೊಕ್ಕು, ಏನು ಬರೆದಿದಾರೆ ಅಂತ!” ಎಂದು ಶುರುಮಾಡಿ ಕೊನೆಯ ಸಾಲಿನವರೆಗೂ ಬೈಯುತ್ತಾ ಹೋಗುತ್ತಾಳೆ. ಗಂಡನ ಮಾನವನ್ನು ಇಷ್ಟು ಚೆಂದವಾಗಿ ಕಾಪಾಡಿದ ಹೆಂಗಸನ್ನು ನಾನು ಬೇರೆ ಕಂಡಿಲ್ಲ.

ಅವರ ಒಬ್ಬಳೇ ಮಗಳು ಮಾರ್ನಿ ಊರಿನ ಕಾಲೇಜಿನಲ್ಲಿ ವ್ಯಾಪಾರ ವಿಷಯದ ಪದವಿಗೆ ಓದುತ್ತಿದ್ದಳು. ಉದ್ಯಮ ಕಟ್ಟುವುದು, ಮಾರ್ಕೆಟಿಂಗ್, ಅಕೌಂಟಿಂಗ್ ಮೂರರಲ್ಲೂ ಮುಂದು. ನಾನು ಅದೇ ವಿಭಾಗದ ಆಫೀಸಿನಲ್ಲಿ ಗುಮಾಸ್ತೆ. ಕೊನೆಯ ವರ್ಷದ ಚಳಿಗಾಲದಲ್ಲಿ ಅವಳು ಒಂದು ಉಪಾಯ ಹುಡುಕಿದಳು. ಯಾವ ಕಾಗದದ ಮುಂದೆ ಫೋನು ಹಿಡಿದರೂ ಅದು ಮನೆಯವರದೇ ದನಿಯಲ್ಲಿ ಓದಿ ಹೇಳಬೇಕು. ಕಣ್ಣು ಮಂಜಾದ ಮುದುಕರಿಗೆ ಅನುಕೂಲ ಎಂದು ಅವಳ ಲೆಕ್ಕ. ಅದನ್ನು ಮೊದಲು ಅಪ್ಪನಿಗೆ ತೋರಿಸಿದಾಗ ಅವನು ತುಂಬ ಹೊತ್ತು ಫೋನನ್ನೇ ನೋಡುತ್ತಾ ಕೂತ. ಆಮೇಲೆ ಹೇಳಿಬಿಟ್ಟ. ಮಗಳ ಮುಂದೆ, ತಾನಾಗಿ, ಅವಳು ಹುಟ್ಟಿದಂದಿನಿಂದ ಮುಚ್ಚಿಟ್ಟ ಮಾತನ್ನು.

ಮಾರ್ನಿ ಅಪ್ಪನನ್ನು ತಬ್ಬಿಕೊಂಡು ಅತ್ತಳಂತೆ. ಆ ಅಳು ನಿಜವಾದದ್ದು, ಅದರಲ್ಲಿ ನನಗೆ ಅನುಮಾನವಿಲ್ಲ. ಅದಾದ ಮೇಲೆ ರೇ ಊಟ ಮುಗಿಸಿ ಬೆವ್‌ಳ ಪಕ್ಕ ಪುಸ್ತಕ ಹಿಡಿದು ಕೂರತೊಡಗಿದ. ಐವತ್ತೇಳು ವರ್ಷದ ಗಂಡಸು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಬೆವರುತ್ತಿದ್ದ. ಒಂದು ಶನಿವಾರ ನಾನು ಕಾಫಿಗೆ ಸಕ್ಕರೆ ಹಾಕಿಕೊಳ್ಳುತ್ತಿದ್ದಾಗ ಹಾಲಿನ ಡಬ್ಬ ನನ್ನ ಕಡೆ ತಿರುಗಿಸಿ, ಯಾರಾದರೂ ಕೇಳಿಯಾರು ಎಂಬಂತೆ ಪಿಸುಗುಟ್ಟಿದ.

“ಅಕ್ಕ, ಇದು ‘ಹಾಲು’ ಅಂತ. ನಾನೇ ಓದಿದೆ.”

“ಹೌದೇನೋ? ಇಷ್ಟು ದಿನ ಏನಂತ ಕುಡೀತಿದ್ದೆ?” ಅಂದೆ. ಅವನು ಮುಖ ತುಂಬ ನಕ್ಕ. ಆ ನಗು ಅಷ್ಟಕ್ಕೇ ನಿಲ್ಲುತ್ತದೆಂದು ಯಾರಿಗೆ ಗೊತ್ತಿತ್ತು?

ಈಗ ನಮ್ಮ ವಿಭಾಗದ ಪದ್ಧತಿಯ ವಿಷಯ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ವಸಂತದಲ್ಲಿ ಕೊನೆಯ ವರ್ಷದ ಮಕ್ಕಳೆಲ್ಲ ಮೂರೂ ಪಾಠಗಳನ್ನು ಸೇರಿಸಿ ಒಂದೊಂದು ವ್ಯಾಪಾರದ ಯೋಜನೆ ಮಾಡಿ ಊರಿನ ಹಳೆಯ ನಾಟಕಶಾಲೆಯ ವೇದಿಕೆಯಲ್ಲಿ ಹೇಳಬೇಕು. ಅಂಗಡಿಯವರು, ಹಳೆಯ ವಿದ್ಯಾರ್ಥಿಗಳು ತೀರ್ಪು ಕೊಡುತ್ತಾರೆ. ಗೆದ್ದವರಿಗೆ ಪೇಟೆಬೀದಿಯ ಒಂದು ಖಾಲಿ ಅಂಗಡಿ ಒಂದು ವರ್ಷ ಬಾಡಿಗೆಯಿಲ್ಲದೆ ಸಿಗುತ್ತದೆ. ಇಷ್ಟೇ ಆಗಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಆದರೆ ವೇದಿಕೆಯ ಮಧ್ಯೆ ಒಂದು ಕುರ್ಚಿ ಇರುತ್ತದೆ. ಯಾರ ಕಷ್ಟ ನೋಡಿ ಆ ವ್ಯಾಪಾರದ ಯೋಚನೆ ಹುಟ್ಟಿತೋ ಆ ಮನೆಯವರನ್ನು ಅದರ ಮೇಲೆ ಕೂರಿಸಬೇಕು. ಅವರ ಕಥೆಯನ್ನು ಅವರ ಮುಂದೆಯೇ ಊರಿಗೆ ಹೇಳಬೇಕು. ಎಲ್ಲರೂ ಅತ್ತು ಚಪ್ಪಾಳೆ ತಟ್ಟಿದ ಮೇಲೆ ವ್ಯಾಪಾರದ ಮಾತು, ಕೊನೆಗೆ ಲೆಕ್ಕಪತ್ರ. ಅಷ್ಟು ಹೊತ್ತಿಗೆ ಲೆಕ್ಕ ಕೇಳುವ ಕಿವಿ ಒಂದೂ ಉಳಿದಿರುವುದಿಲ್ಲ.

ಇದು ಯಾವ ನಿಯಮದಲ್ಲೂ ಬರೆದಿಲ್ಲ. ಬಹಳ ಹಿಂದೆ ಒಬ್ಬ ಹುಡುಗಿ ಕೈ ನಡುಗುವ ತನ್ನ ಅಜ್ಜಿಯನ್ನು ಪ್ರೀತಿಯಿಂದ ಕರೆತಂದು ಕೂರಿಸಿದ್ದಳು. ಅಜ್ಜಿಗೂ ಸಂಭ್ರಮ. ಹುಡುಗಿ ಗೆದ್ದಳು. ಮುಂದಿನ ವರ್ಷ ಇಬ್ಬರು ಕೂರಿಸಿದರು, ಆಮೇಲೆ ಎಲ್ಲರೂ. ಒಬ್ಬ ಹುಡುಗ ತನ್ನ ತಾಯಿ ಹಳೆಯ ಸಾಮಾನು ಬಿಸಾಡಲಾರದೆ ಮನೆಯನ್ನೇ ತಿಪ್ಪೆ ಮಾಡಿಕೊಂಡಿದ್ದನ್ನು ಫೋಟೋ ಸಮೇತ ತೋರಿಸಿದ. ಆಕೆ, ಶ್ರೀಮತಿ ಟೆರ್ವೋ, ಆ ದಿನದಿಂದ ಇವತ್ತಿನವರೆಗೂ ದಿನಸಿ ತರಲು ಪಕ್ಕದ ಊರಿಗೆ ಹೋಗುತ್ತಾಳೆ. ಇಲ್ಲಿನ ಅಂಗಡಿಗೆ ಕಾಲಿಡುವುದಿಲ್ಲ.

ಮಾರ್ನಿ ತನ್ನ ಯೋಜನೆಯ ಜೊತೆ ಅಪ್ಪನ ವಿಷಯವನ್ನೂ ಹೇಳಿದ್ದಳು, ಅದನ್ನು ಕೇಳಿದ ಕೂಡಲೇ ಮಾರ್ಕೆಟಿಂಗ್ ಕಲಿಸುವ ಹ್ಯಾವರ್‌ಸ್ಟಾಕ್ ನನ್ನ ಆಫೀಸಿಗೇ ಓಡಿ ಬಂದರು. ಒಳ್ಳೆಯ ಮನುಷ್ಯ, ಮಕ್ಕಳ ಹೆಸರು ಹಿಡಿದು ಕರೆಯುವವರು, ಹುಟ್ಟುಹಬ್ಬಕ್ಕೆ ಕೇಕು ತರುವವರು. ಕೆಟ್ಟವರಾಗಿದ್ದರೆ ನನಗೆ ಬೈಯಲು ಸುಲಭವಾಗುತ್ತಿತ್ತು.

“ಎಲ್ಮಾ, ನಿಮ್ಮ ತಮ್ಮ ಕೂತ್ಕೊಂಡ್ರೆ ಸಾಕು, ಈ ಸಲ ಇಡೀ ಹಾಲ್ ಅಳುತ್ತೆ!”

“ಅಳಿಸೋದಕ್ಕಾ ನೀವು ಪಾಠ ಮಾಡೋದು?”

ಪಕ್ಕದ ಮೇಜಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ಲೋರ್ನಾ ಪೆಲ್ಕಿ ತಲೆ ಎತ್ತಿದಳು. ಅಕೌಂಟಿಂಗ್ ಕಲಿಸುವವಳು, ನಾಲಿಗೆ ಚೂಪು. “ಕೇಳಿ, ಕೇಳಿ. ನಾನೂ ಅದನ್ನೇ ಕೇಳ್ತಾ ಬಂದಿದೀನಿ.”

“ಲೋರ್ನಾ, ನಿಮ್ಮ ಅಂಕಿ ನೋಡಿ ಯಾರೂ ಕೊಂಡ್ಕೊಳಲ್ಲ. ಜನ ಮನುಷ್ಯರ ಮುಖ ನೋಡಿ ಕೊಂಡ್ಕೊಳ್ತಾರೆ. ಇದು ನಾನು ಹೇಳ್ತಿರೋದಲ್ಲ, ಪ್ರಪಂಚ ನಡೀತಿರೋದೇ ಹಾಗೆ.”

“ಮುಖ ಯಾರದು? ಅವಳದ್ದಾ, ಅವಳಪ್ಪಂದಾ? ನನ್ನ ಮೊದಲನೇ ಪಾಠವೇ ಅದು: ನಿಮ್ಮದಲ್ಲದ್ದನ್ನ ನಿಮ್ಮ ಆಸ್ತಿ ಅಂತ ಬರೀಬೇಡಿ. ಪಕ್ಕದ ಮನೆಯವನ ಲಾರಿ ನನ್ನ ಅಂಗಳದಲ್ಲಿ ನಿಂತಿದೆ ಅಂತ ನಾನು ಮಾರೋಕಾಗುತ್ತಾ? ಒಬ್ಬ ಅಪ್ಪನ ಮರ್ಯಾದೆ ಮಗಳ ಬಂಡವಾಳಕ್ಕೆ ಹೇಗೆ ಸೇರ್ತು ಹೇಳಿ.”

“ಅಪ್ಪ ಒಪ್ಪಿ ಕೊಟ್ರೆ?”

“ಮಗಳ ಭವಿಷ್ಯ ಅಂತ ಹೇಳಿ ಕೇಳಿದ್ರೆ ಯಾವ ಅಪ್ಪ ಕೊಡಲ್ಲ? ಅದು ಕೇಳೋದಾ, ಕಿತ್ಕೊಳ್ಳೋದಾ?”

“ನಮ್ಮ ತೀರ್ಪುಗಾರರನ್ನೇ ಕೇಳಿ. ಹಾರ್ಡ್‌ವೇರ್ ಅಂಗಡಿ ಡ್ವೇನ್ ಕುಡಿತ ಬಿಟ್ಟ ಕಥೆನ ಅವನ ಮಗ ಹೇಳಿದ. ಅವನು ಇವತ್ತಿಗೂ ಎದೆ ತಟ್ಕೊಂಡು ಹೇಳ್ಕೋತಾನೆ, ಕೂತಿದ್ದರಿಂದ ಮನಸ್ಸು ಹಗುರ ಆಯ್ತು ಅಂತ.”

“ಡ್ವೇನ್ ಬಾರಿನಲ್ಲೂ ಕುರ್ಚಿ ಮೇಲೆ ನಿಂತೇ ಮಾತಾಡ್ತಿದ್ದೋನು,” ಅಂದೆ ನಾನು. “ರೇ ಅಂಥವನಲ್ಲ.”

ಹ್ಯಾವರ್‌ಸ್ಟಾಕ್ ನಕ್ಕರು. ನಕ್ಕು, ಆ ಶನಿವಾರವೇ ರೇಯ ಮನೆಗೆ ಬಂದರು.

ಕಾಫಿಯಾಯಿತು, ಬ್ರೆಡ್ಡಾಯಿತು. ಅವರು ವಿಷಯ ತೆಗೆದರು. ರೇಯ ಕೈಗೆ ಒಂದು ಮಕ್ಕಳ ಚಿತ್ರಪುಸ್ತಕ ಕೊಡುತ್ತಾರಂತೆ, ಕರಡಿಯ ಕಥೆಯದು. ಅವನು ಎಲ್ಲರ ಮುಂದೆ ಓದಲು ಹೋಗಬೇಕು, ಆಗಬಾರದು. ಆಗ ಮಾರ್ನಿಯ ಫೋನು ಅವಳದೇ ದನಿಯಲ್ಲಿ ಅದನ್ನು ಓದಬೇಕು.

ಬೆವ್ ಕೈಯಲ್ಲಿದ್ದ ಚಾಕು ಕೆಳಗಿಟ್ಟಳು. “ಅವರಿಗೆ ಈಗ ಸ್ವಲ್ಪ ಸ್ವಲ್ಪ ಓದೋಕೆ ಬರುತ್ತಲ್ಲ ಸರ್. ಅಂಥ ಪುಸ್ತಕದ ಮೊದಲ ಪುಟ ಓದೇ ಓದ್ತಾರೆ.”

“ಅಯ್ಯೋ, ಓದಿಬಿಟ್ರೆ ಕಥೆ ಎಲ್ಲಿ ಉಳೀತು ಬೆವ್?” ಎಂದು ಹ್ಯಾವರ್‌ಸ್ಟಾಕ್ ಪ್ರೀತಿಯಿಂದಲೇ ಹೇಳಿದರು. “ಅವತ್ತೊಂದು ದಿನ ಓದದೆ ಇದ್ರಾಯ್ತು. ಏನ್ರೀ ರೇ, ಮಗಳಿಗೋಸ್ಕರ?”

ರೇ ಕಾಫಿ ಬಟ್ಟಲಿನ ತಳ ನೋಡುತ್ತಿದ್ದ. ಏನೂ ಹೇಳಲಿಲ್ಲ. ಹ್ಯಾವರ್‌ಸ್ಟಾಕ್ ಓಹಾಯೋದವರು, ಸುಮ್ಮನಿದ್ದರೆ ಒಪ್ಪಿಗೆ ಎಂದು ತಿಳಿದು ಅವನ ಬೆನ್ನು ತಟ್ಟಿದರು. ಅವರಿಗೆ ಗೊತ್ತಿರಲಿಲ್ಲ ಸರಿ, ಮೇಜಿನ ಸುತ್ತ ಕೂತ ನಮಗೆ ಗೊತ್ತಿತ್ತಲ್ಲ?

ಅವರ ಕಾರು ಹೊರಟಿತೋ ಇಲ್ಲವೋ, ನಾನು ಮಾರ್ನಿಯನ್ನು ಹಿತ್ತಿಲಿಗೆ ಎಳೆದುಕೊಂಡು ಹೋದೆ.

“ಬೇಡ ಕಣೇ ಇದು. ನಿನ್ನ ಫೋನು ತಾನೇ ಮಾತಾಡಿ ಗೆಲ್ಲುತ್ತೆ. ಅಪ್ಪನ್ನ ಬಿಡು.”

“ಎಲ್ಲರ ಕುರ್ಚಿಲೂ ಯಾರಾದ್ರೂ ಇರ್ತಾರೆ ಅತ್ತೆ. ನಂದೊಂದು ಖಾಲಿ ಇದ್ರೆ ಯಾರು ನೋಡ್ತಾರೆ? ಅಂಗಡಿ ಸಿಕ್ಕಿದ್ರೆ ನಾನು ಊರು ಬಿಡೋದೂ ಬೇಡ, ಅಪ್ಪ ಅಮ್ಮನ ಹತ್ರಾನೇ ಇರ್ತೀನಿ. ಅಪ್ಪ ಬೇಡ ಅಂದಿಲ್ಲವಲ್ಲ?”

“ನಮ್ಮ ಮನೇಲಿ ಯಾರು ಯಾವತ್ತು ಬೇಡ ಅಂದಿದಾರೆ, ಹೇಳು ನೋಡೋಣ.”

ಅವಳು ನನ್ನ ಮುಖ ನೋಡಲಿಲ್ಲ. “ಸರ್ ಕೇಳಿದ್ರು, ಅಪ್ಪ ಸುಮ್ಮನಿದ್ರು. ಅಷ್ಟೇ ನಂಗೆ ಗೊತ್ತಿರೋದು,” ಎಂದು ಒಳಗೆ ಹೋದಳು.

ಸ್ಪರ್ಧೆಯ ಸಂಜೆ ನಾಟಕಶಾಲೆ ಕಿಕ್ಕಿರಿದಿತ್ತು. ರೇ ಚರ್ಚಿಗೆ ಹಾಕುವ ಕೋಟು ತೊಟ್ಟಿದ್ದ. ಅವನ ಜೊತೆ ಲಾರಿ ಓಡಿಸುವವರೆಲ್ಲ ಒಂದು ಸಾಲು ಹಿಡಿದು ಕೂತಿದ್ದರು. ರೇಯ ಮಗಳು ಗೆಲ್ಲಲಿ ಎಂದು ಬಂದವರು, ವಿಷಯ ಏನೆಂದು ತಿಳಿಯದವರು. ಅವನು ವೇದಿಕೆಗೆ ಬಂದಾಗ ಸಿಳ್ಳೆ ಹಾಕಿದರು, “ಏನೋ ಮದುಮಗ!” ಎಂದು ಕೂಗಿದರು. ರೇ ಕೈ ಬೀಸಿ ಕುರ್ಚಿಯಲ್ಲಿ ಕೂತ.

ಮಾರ್ನಿ ಹೇಳಿದಳು. ಹಿಂದಿನ ಬೆಂಚಿನಿಂದ ಹಿಡಿದು ಚರ್ಚಿನ ಹಾಡಿನ ಪುಸ್ತಕದವರೆಗೆ, ಹೋಟೆಲಿನ ‘ನಂಗೂ ಅದೇ’ವರೆಗೆ ಎಲ್ಲವನ್ನೂ ಹೇಳಿದಳು. ಚೆನ್ನಾಗಿ ಹೇಳಿದಳು, ಕಲಿಸಿದ್ದೇ ಹಾಗಲ್ಲವೇ? ಸಿಳ್ಳೆ ಹಾಕಿದ ಸಾಲು ತಣ್ಣಗಾಯಿತು. ಬೆವ್ ನನ್ನ ಕೈಯನ್ನು ಬೆರಳು ಮುರಿಯುವಷ್ಟು ಬಿಗಿಯಾಗಿ ಹಿಡಿದಿದ್ದಳು.

ಆಮೇಲೆ ಪುಸ್ತಕ ಕೊಟ್ಟಳು. ರೇ ಬಿಚ್ಚಿದ. ಬೆರಳು ಮೊದಲ ಪದದ ಮೇಲೆ ಹೋಯಿತು. ಓದುಗರೇ, ಆ ಪದ ಅವನಿಗೆ ಗೊತ್ತಿತ್ತು. ಅವನ ತುಟಿ ಅದರ ಆಕಾರಕ್ಕೆ ಬಂದದ್ದನ್ನು ನಾನು ಕಂಡೆ. ಚಳಿಗಾಲವಿಡೀ ಬೆವರಿ ಗಳಿಸಿದ ಪದ. ಅವನು ಬಾಯಿ ಮುಚ್ಚಿದ, ಮಗಳ ಕಡೆ ನೋಡಿದ, “ಆಗಲ್ಲ” ಅಂದ.

ಸಭೆಯೆಲ್ಲ ಮೂಗು ಒರೆಸಿಕೊಂಡಿತು. ಫೋನು ಮಾರ್ನಿಯ ದನಿಯಲ್ಲಿ ಕರಡಿಯ ಕಥೆ ಓದಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನಗೆ ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಮಾರ್ನಿ ಗೆದ್ದಳು.

ಊರಿನವರು ಕೆಟ್ಟವರಲ್ಲ. ಅವರು ಕನಿಕರ ತೋರಿಸಿದರು, ಅದರಿಂದಲೇ ಅವನು ಹಣ್ಣಾದ. ದಿನಸಿ ಅಂಗಡಿಯ ಹುಡುಗಿ ಸಾಲಿನಲ್ಲಿ ನಿಂತವರೆಲ್ಲ ಕೇಳುವ ಹಾಗೆ ಅವನ ಬಿಲ್ ಓದಿ ಹೇಳತೊಡಗಿದಳು. ಹೋಟೆಲಿನವಳು ಬಗ್ಗಿ, ಕಿವುಡನಿಗೆ ಹೇಳುವಂತೆ, ತಿಂಡಿಗಳ ಹೆಸರು ಒಂದೊಂದಾಗಿ ಕೂಗಿದಳು. ಚರ್ಚಿನಲ್ಲಿ ಯಾರೋ ಪಕ್ಕದಲ್ಲಿ ಕೂತು ಅವನ ಪುಸ್ತಕದ ಸಾಲಿನ ಕೆಳಗೆ ಬೆರಳು ಓಡಿಸಿದರು. ಜೊತೆಗಾರರು ಕೆಲಸದ ಕಾಗದದ ಮೇಲೆ ಅವನಿಗೆಂದು ಸೇತುವೆ, ಶಾಲೆ, ಆಸ್ಪತ್ರೆಗಳ ಚಿತ್ರ ಬರೆದು ಕೊಟ್ಟರು, ಪಾಪ, ಒಳ್ಳೆಯ ಮನಸ್ಸಿನಿಂದ. ಅವತ್ತು ಅವನು ಮನೆಗೆ ಬಂದು ಉಣ್ಣದೆ ಮಲಗಿದನಂತೆ. ಚರ್ಚು ಬಿಟ್ಟ, ಹೋಟೆಲು ಬಿಟ್ಟ.

ಬೆವ್ ಪುಸ್ತಕ ತಂದು ಮೇಜಿನ ಮೇಲಿಟ್ಟರೆ ಅತ್ತ ತಿರುಗುತ್ತಿದ್ದ. ಒಂದು ದಿನ ನನ್ನೆದುರೇ ಅವಳು ಬಿಡದೆ ಕೇಳಿದಳು.

“ಯಾಕ್ರೀ ಬಿಟ್ರಿ? ಎಷ್ಟು ಚೆನ್ನಾಗಿ ಬರ್ತಿತ್ತು.”

“ಓದಕ್ಕೆ ಬರಲ್ಲ ಅಂತ ಊರಿಗೆಲ್ಲ ಹೇಳಿ ಆಯ್ತಲ್ಲ. ಎಲ್ಲರೂ ಅತ್ತೂ ಆಯ್ತು. ಇನ್ನು ಓದಿದ್ರೆ ಅಪ್ಪ ಮಗಳು ಸೇರಿ ನಾಟಕ ಆಡಿದ್ರು ಅಂತಾರೆ. ಅವಳ ಅಂಗಡಿ ಹಾಳಾಗುತ್ತೆ. ಬಿಡು.”

ಬೆವ್ ಅಡುಗೆಮನೆಯ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು. “ಅತ್ತಿಗೆ, ನೋಡಿ, ಇವರನ್ನ ಮತ್ತೆ ಹಿಂದಿನ ಬೆಂಚಿಗೇ ತಳ್ಳಿದ್ವಿ,” ಅಂದಳು.

ಮಾರ್ನಿಯ ಅಂಗಡಿ ನಡೆಯಿತು. ಅವಳು ಅದರ ಮೇಲಿನ ಕೋಣೆಯಲ್ಲೇ ಇರತೊಡಗಿದಳು. ರೇ ಒಮ್ಮೆಯೂ ಆ ಹೊಸ್ತಿಲು ತುಳಿಯಲಿಲ್ಲ. ಶನಿವಾರ ಅವಳು ಮನೆಗೆ ಬಂದರೆ ಅವನು ಸೌನಾದಲ್ಲೇ ಕೂತುಬಿಡುತ್ತಿದ್ದ, ಅವಳು ಕಾಯ್ದು ಕಾಯ್ದು ಹೊರಡುವವರೆಗೆ. ಜಗಳವಿಲ್ಲ, ಕೆಟ್ಟ ಮಾತಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಒಂದು ದಿನ ನನ್ನ ಆಫೀಸಿಗೆ ಬಂದು, ಬಾಗಿಲು ಹಾಕಿಕೊಂಡು, ನಿಂತೇ ಅತ್ತಳು.

“ಅತ್ತೆ, ನಾನು ಅಪ್ಪನ್ನ ಮಾರ್ಕೊಂಡೆ.”

ನಾನು ಕುರ್ಚಿ ಎಳೆದು ಕೊಟ್ಟೆ. ಅವಳು ಕೂರಲಿಲ್ಲ.

ಮುಂದಿನ ವಸಂತ ಬಂತು. ಹೋದ ವರ್ಷ ಗೆದ್ದವಳು ಬಂದು ತನ್ನ ಕಥೆ ಹೇಳಿ ಕಾರ್ಯಕ್ರಮ ಶುರುಮಾಡಬೇಕೆಂದು ಹ್ಯಾವರ್‌ಸ್ಟಾಕ್ ಮಾರ್ನಿಯನ್ನು ಕರೆದರು. ಅವಳು ಬರುತ್ತೇನೆ ಅಂದಳು. ನನಗೆ ರೇಗಿತು. ಇನ್ನೂ ಎಷ್ಟು ಸಲ ಹರಾಜು ಹಾಕುತ್ತಾಳೆ ಎಂದು ಹಲ್ಲು ಕಚ್ಚಿಕೊಂಡು ಹಿಂದಿನ ಸಾಲಿನಲ್ಲಿ ಕೂತೆ. ಪಕ್ಕದಲ್ಲಿ ಲೋರ್ನಾ.

ಮೊದಲನೆಯ ವಿದ್ಯಾರ್ಥಿನಿಯ ಅಣ್ಣ ಆಗಲೇ ಕುರ್ಚಿಯಲ್ಲಿ ಕೂತಿದ್ದ. ಜೈಲಿನಿಂದ ಬಂದು ಹೆಚ್ಚು ದಿನವಾಗಿರಲಿಲ್ಲ. ಎರಡೂ ಕೈ ತೊಡೆಯ ಕೆಳಗೆ ಸೇರಿಸಿಕೊಂಡಿದ್ದ. ಮಾರ್ನಿ ವೇದಿಕೆ ಹತ್ತಿದಳು. ಮೈಕಿನ ಹತ್ತಿರ ಹೋಗದೆ ನೇರ ಅವನ ಮುಂದೆ ಹೋಗಿ ಬಗ್ಗಿದಳು. ಸಭೆ ನಿಶ್ಶಬ್ದವಾಗಿದ್ದರಿಂದ ಎಲ್ಲರಿಗೂ ಕೇಳಿಸಿತು.

“ನಿಮಗೆ ಇಲ್ಲಿ ಕೂತ್ಕೊಳ್ಳೋಕೆ ಇಷ್ಟ ಇದೆಯಾ?”

ಅವನು ತಂಗಿಯ ಕಡೆ ನೋಡಿದ.

“ಅವಳನ್ನ ನೋಡಬೇಡಿ. ನಿಮ್ಮನ್ನ ಕೇಳ್ತಿರೋದು.”

“ಇಲ್ಲ,” ಅಂದ ಅವನು.

“ಹಾಗಾದ್ರೆ ಏಳಿ. ಹೋಗಿ ಜನರ ಮಧ್ಯೆ ಕೂತ್ಕೊಳ್ಳಿ.”

ಅವನು ಎದ್ದ. ಹ್ಯಾವರ್‌ಸ್ಟಾಕ್ ಗಾಬರಿಯಾಗಿ ಮುಂದೆ ಬಂದು, “ಮಾರ್ನಿ, ನಿನ್ನ ಕಥೆ ಹೇಳಮ್ಮ, ಜನ ಕಾಯ್ತಿದಾರೆ,” ಅಂದರು.

“ನಂದು ಅಂತ ಹೇಳೋ ಕಥೆ ನನ್ನ ಹತ್ರ ಇಲ್ಲ ಸರ್. ಇನ್ನೊಬ್ಬರದನ್ನ ಇನ್ನು ಹೇಳಲ್ಲ.” ಅವಳು ಮಕ್ಕಳು ಕೂತಿದ್ದ ಕಡೆ ತಿರುಗಿದಳು. “ನಿಮ್ಮ ವಸ್ತು ತೋರ್ಸಿ, ಲೆಕ್ಕ ತೋರ್ಸಿ. ಅದರಲ್ಲಿ ಸೋತರೆ ಸೋಲಿ. ಮನೆಯವರನ್ನ ಮನೇಲಿರೋಕೆ ಬಿಡಿ.”

ಅಷ್ಟು ಹೇಳಿ ಕುರ್ಚಿ ಎತ್ತಿಕೊಂಡು ಪಕ್ಕದ ಪರದೆಯ ಹಿಂದೆ ಹೋದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನಲ್ಲಿ ಡ್ವೇನ್ “ಹೊಟ್ಟೆ ತುಂಬಿದ ಮೇಲೆ ಎಲ್ಲರಿಗೂ ನೀತಿ ಬರುತ್ತೆ” ಎಂದು ಗೊಣಗಿದ. ಮಾತು ಸುಳ್ಳೇನೂ ಅಲ್ಲ. ಆದರೆ ಪರದೆಯ ಪಕ್ಕದಲ್ಲಿ ಸರದಿ ಕಾಯುತ್ತಿದ್ದ ಒಬ್ಬ ಮುದುಕಿ ಮೊಮ್ಮಗನ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಮೆಲ್ಲನೆ ಕೆಳಗಿಳಿದು ಬಂದಳು. ಅವಳ ಹಿಂದೆ ಇನ್ನೊಬ್ಬರು. ಹ್ಯಾವರ್‌ಸ್ಟಾಕ್ ಬೇರೆ ಕುರ್ಚಿ ತರಿಸಿದರು, ಕೂತವರೂ ಇದ್ದರು. ಪದ್ಧತಿ ಒಂದೇ ಸಂಜೆಗೆ ಸತ್ತಿತು ಎಂದು ಬರೆಯಲು ನನಗೂ ಆಸೆ. ಸತ್ತಿಲ್ಲ. ಲೋರ್ನಾ ಮಾತ್ರ ಕನ್ನಡಕ ತೆಗೆದು ಒರೆಸಿ ಒರೆಸಿ ಹಾಕಿಕೊಳ್ಳುತ್ತಿದ್ದಳು.

ಮರುದಿನ ಶನಿವಾರ. ಸೌನಾ ಮುಗಿಸಿ ಮೇಜಿನ ಮುಂದೆ ಕೂತೆವು. ರೇ ಬ್ರೆಡ್ಡು ಮುರಿಯುತ್ತಾ, ನನ್ನ ಕಡೆ ನೋಡದೆ ಕೇಳಿದ.

“ನಿನ್ನೆ ನನ್ನ ವಿಷಯ ಏನಂದ್ಲು?”

“ಏನೂ ಅನ್ಲಿಲ್ಲ ಕಣೋ.”

“ಮತ್ತೆ ಯಾಕೆ ಹೋಗಿದ್ದಳು?”

“ಹೇಳಲ್ಲ ಅಂತ ಹೇಳೋಕೆ. ನಿನ್ನ ಹೆಸರೂ ಎತ್ತಲಿಲ್ಲ.”

ಅವನು ಬ್ರೆಡ್ಡು ತಟ್ಟೆಯಲ್ಲಿಟ್ಟ. ಅಷ್ಟರಲ್ಲಿ ಹೊರಗೆ ಮಾರ್ನಿಯ ಕಾರು ನಿಂತ ಸದ್ದಾಯಿತು. ಅವನು ಎಂದಿನಂತೆ ಎದ್ದು ಹಿತ್ತಿಲಿಗೆ ಹೋಗುತ್ತಾನೆಂದು ಬೆವ್ ಟವೆಲು ಕೈಗೆ ಕೊಡಲು ಹೋದಳು. ಅವನು ತೆಗೆದುಕೊಳ್ಳದೆ ತಾನೇ ಹೋಗಿ ಬಾಗಿಲು ತೆಗೆದ.

ಮಾರ್ನಿ ಒಳಗೆ ಬರಲಿಲ್ಲ. ಮೆಟ್ಟಿಲ ಮೇಲೇ ನಿಂತಳು, ಕೈಯಲ್ಲಿ ಕಾರಿನ ಕೀಲಿ.

“ಅಪ್ಪ, ಅವತ್ತು ನಿನಗೆ ಅಲ್ಲಿ ಕೂತ್ಕೊಳ್ಳೋಕೆ ಇಷ್ಟ ಇತ್ತಾ?”

ನನ್ನ ತಮ್ಮ ಬಾಗಿಲಿನ ಚೌಕಟ್ಟು ಹಿಡಿದುಕೊಂಡು ನಿಂತಿದ್ದ.

“ಇಲ್ಲ ಮಗಳೇ. ಇಷ್ಟ ಇರ್ಲಿಲ್ಲ.”

ಅವಳು ತಲೆ ತಗ್ಗಿಸಿದಳು.

“ಗೊತ್ತಿತ್ತು ಅಪ್ಪ. ನಂಗೆ ಅವತ್ತೇ ಗೊತ್ತಿತ್ತು.”